ಮೂರು ಮ್ಯಾಚಿನ ಸೀಸನ್, ಮುಂದಿಟ್ಟ ಕಾಲು

ನಮಸ್ಕಾರ. ಸ್ಕ್ರೀನ್ ಮೇಲೆ ಕಾಣುತ್ತಿರುವ ಈ ಕೆಸರುಗದ್ದೆ ನಮ್ಮ ಕಾಲೇಜ್ ಗ್ರೌಂಡು. ಮೈಸೂರು, ಬೆಳಿಗ್ಗೆ ಆರು ಗಂಟೆ. ಹಿಂದೆ ಮಂಜಿನಲ್ಲಿ ಅರ್ಧ ಮುಚ್ಚಿಕೊಂಡಿರುವುದು ಚಾಮುಂಡಿ ಬೆಟ್ಟ. ಗೋಲ್ ಪೋಸ್ಟ್ ಕೆಳಗೆ ಆಕಳಿಸುತ್ತಿರುವವನು ನಾನು, ಫುಟ್‌ಬಾಲ್ ಟೀಮಿನ ಎರಡನೇ ಕೀಪರ್. ಎರಡನೇ ಕೀಪರ್ ಅಂದರೆ ಗೊತ್ತಲ್ವಾ? ಎಲ್ಲರ ಬ್ಯಾಗು, ಫೋನು, ವಾಚು ಕಾಯುವವನು.

ಕೈಯಲ್ಲಿ ಅಷ್ಟು ಫೋನ್ ಇದ್ದಿದ್ದಕ್ಕೇ ಇಡೀ ಸೀಸನ್ ಶೂಟ್ ಮಾಡಿದೆ. ಸೀಸನ್ ಅಂದರೆ ಟಿವಿಯಲ್ಲಿ ಬರುವ ಲೀಗ್ ಥರ ತಿಂಗಳುಗಟ್ಟಲೆ ನಡೆಯೋದಲ್ಲ. ನಾವು ಆಡುವ ಇಂಟರ್ ಕಾಲೇಜ್ ಟೂರ್ನಮೆಂಟ್ ನಾಕೌಟ್. ಸೋತರೆ ಅವತ್ತೇ ಮುಗಿಯಿತು. ಮೂರು ತಿಂಗಳು ಬೆವರು ಹರಿಸಿ ಮೊದಲ ಮ್ಯಾಚಿಗೇ ಬ್ಯಾಗ್ ಕಟ್ಟಿದ ವರ್ಷವೂ ಇದೆ. ಈ ಸಲ ಮೂರು ಮ್ಯಾಚ್ ಸಿಕ್ಕಿತು. ನಮ್ಮ ಲೆಕ್ಕದಲ್ಲಿ ಅದು ದೊಡ್ಡ ಸೀಸನ್.

ಟೀಮ್ ನೋಡಿ. ಈ ಇಬ್ಬರು ಬೈಲಕುಪ್ಪೆಯವರು. 1961ರಲ್ಲಿ ಶುರುವಾದ ಟಿಬೆಟನ್ ಕ್ಯಾಂಪ್ ಇದೆಯಲ್ಲ, ಅಲ್ಲಿನ ಹುಡುಗರು. ಬಾಲ್ ಇವರ ಕಾಲಿಗೆ ಅಂಟಿಕೊಂಡೇ ಇರುತ್ತೆ. ಈ ಉದ್ದದ ಡಿಫೆಂಡರ್ ಕೊಡಗಿನವನು, ಹುಟ್ಟಾ ಹಾಕಿ ಆಟಗಾರ, ಕಾಲೇಜಿನಲ್ಲಿ ಹಾಕಿ ಟೀಮ್ ಇಲ್ಲ ಅಂತ ನಮ್ಮ ಜೊತೆ ಸೇರಿದ. ಓಡೋಡಿ ಬರುತ್ತಿರುವ ಇವನು ಮಂಡ್ಯದಿಂದ ದಿನಾ ರೈಲಿನಲ್ಲಿ ಬರುವವನು. ಯಾವಾಗ ಕೇಳಿದರೂ "ರೈಲು ಲೇಟು ಸಾರ್" ಅನ್ನುತ್ತಾನೆ. ಜೋರು ಮಳೆ ಬಂದ ಒಂದು ದಿನ ಗ್ರೌಂಡ್ ನೋಡಿ ಪಿ.ಡಿ. ಸರ್, ಅಂದರೆ ನಮ್ಮ ಫಿಸಿಕಲ್ ಡೈರೆಕ್ಟರ್, ಅವರ ಹತ್ತಿರ "ಇದಕ್ಕೆ ನಾಟಿ ಹಾಕಿಬಿಡೋಣ್ವಾ ಸಾರ್?" ಅಂದ. ಶಿಕ್ಷೆಯಾಗಿ ಇಡೀ ಟೀಮು ಬೆಟ್ಟದ ಸಾವಿರ ಮೆಟ್ಟಿಲು ಹತ್ತಬೇಕಾಯಿತು. ನಂದಿ ಹತ್ತಿರ ಸುಸ್ತಾಗಿ ಮಲಗಿರುವವನು ಅವನೇ.

ಈ ಕ್ಲಿಪ್ ಟೆಂಪೋದಲ್ಲಿ ತೆಗೆದದ್ದು. ಪಿ.ಡಿ. ಸರ್ ಸಂತೋಷ್ ಟ್ರೋಫಿ, ಅಂದರೆ ರಾಜ್ಯ ರಾಜ್ಯಗಳ ನಡುವಿನ ಫುಟ್‌ಬಾಲ್ ಟೂರ್ನಮೆಂಟ್, ಅದರ ಕಥೆ ಹೇಳುತ್ತಿದ್ದಾರೆ. 1968-69ರಲ್ಲಿ ಕಪ್ ಗೆದ್ದ ಟೀಮಿನ ಹೆಸರು ಮೈಸೂರು, ಆಗ ರಾಜ್ಯದ ಹೆಸರೇ ಅದು. ಆಮೇಲೆ ಕರ್ನಾಟಕಕ್ಕೆ ಕಪ್ ಬರಲು 54 ವರ್ಷ ಬೇಕಾಯಿತು. 2023ರಲ್ಲಿ, ರಿಯಾದ್‌ನಲ್ಲಿ, ಮೇಘಾಲಯದ ಮೇಲೆ 3-2. "ನಮಗೂ ಅಷ್ಟೇ ಟೈಮ್ ಕೊಡಿ ಸಾರ್" ಅಂತ ಹಿಂದಿನ ಸೀಟಿಂದ ಯಾರೋ ಕೂಗಿದರು. ಯಾರು ಅಂತ ಹೇಳಬೇಕಾಗಿಲ್ಲ.

ಮೊದಲ ಮ್ಯಾಚ್ 3-0. ಎರಡನೆಯದು 1-0, ಅದೂ ಅವರ ಡಿಫೆಂಡರ್ ಸೆಲ್ಫ್ ಗೋಲ್ ಹಾಕಿದ್ದು. ಗೆಲುವು ಗೆಲುವೇ.

ಸೆಮಿಫೈನಲ್‌ಗೆ ಬರೋಣ. 1-1 ಆಗಿತ್ತು. ಮುಗಿಯೋಕೆ ಹತ್ತು ನಿಮಿಷ ಇದ್ದಾಗ ನಮ್ಮ ಮೊದಲ ಕೀಪರ್‌ನ ಬೆರಳು ಊದಿಕೊಂಡಿತು. ಪಿ.ಡಿ. ಸರ್ ನನ್ನ ಕಡೆ ತಿರುಗಿದರು. ನಾನು ನನ್ನ ಹಿಂದೆ ಯಾರಿದ್ದಾರೆ ಅಂತ ನೋಡಿದೆ. ಫೋನನ್ನು ಜೂನಿಯರ್ ಕೈಗೆ ಕೊಟ್ಟು ಗ್ಲೌಸ್ ಹಾಕಿಕೊಂಡೆ.

ಮ್ಯಾಚ್ ಪೆನಾಲ್ಟಿ ಶೂಟೌಟ್‌ಗೆ ಹೋಯಿತು, ಅಂದರೆ ಎರಡೂ ಟೀಮಿಗೆ ಐದೈದು ಕಿಕ್, ಎದುರಿಗೆ ಕೀಪರ್ ಒಬ್ಬನೇ. ಬಾಲ್ ಇಡುವ ಜಾಗ 11 ಮೀಟರ್ ದೂರ. ಗೋಲ್ 7.32 ಮೀಟರ್ ಅಗಲ, 2.44 ಎತ್ತರ. ಒಳಗೆ ನಿಂತು ನೋಡಿದರೆ ಕಲ್ಯಾಣ ಮಂಟಪದ ಬಾಗಿಲಲ್ಲಿ ಒಬ್ಬನೇ ನಿಂತ ಹಾಗಿರುತ್ತೆ. ನಾಲ್ಕು ನಾಲ್ಕು ಕಿಕ್ ಮುಗಿದಾಗ 3-3. ಐದನೆಯದನ್ನು ನಮ್ಮ ಕ್ಯಾಪ್ಟನ್ ಬಾರ್ ಮೇಲೆ ಹಾರಿಸಿದ. ಅವರ ಕೊನೆಯ ಕಿಕ್. ಎಡಕ್ಕೆ ಹಾರಿದೆ, ಬಾಲ್ ಮೊಣಕೈಗೆ ಬಡಿದು ಹೊರಗೆ ಹೋಯಿತು. ಎಲ್ಲ ಓಡಿ ಬಂದು ನನ್ನ ಮೇಲೆ ಬಿದ್ದರು.

ಅಷ್ಟರಲ್ಲಿ ಪೀ ಅಂತ ವಿಸಿಲ್. ಕೀಪರ್ ಲೈನ್ ಬಿಟ್ಟಿದ್ದಾನೆ, ಮತ್ತೆ ಹೊಡೆಯಲಿ. ಬಾಲ್ ಒದೆಯುವ ಹೊತ್ತಿಗೆ ಕೀಪರ್‌ನ ಒಂದು ಪಾದವಾದರೂ ಗೋಲ್ ಲೈನ್ ಮೇಲೋ ಅದರ ನೇರಕ್ಕೋ ಹಿಂದೆಯೋ ಇರಬೇಕು, ಇದು ರೂಲ್. ನಾನು ದೇವರಾಣೆಗೂ ಬಿಟ್ಟಿಲ್ಲ ಅಂತ ವಾದ ಮಾಡಿದೆ. ಎರಡನೇ ಸಲ ಅವನು ಬಲಕ್ಕೆ ಹೊಡೆದ. ಮುಗಿಯಿತು.

ವಾಪಸ್ ಬರುವಾಗ ದಾರಿಯುದ್ದಕ್ಕೂ ರೆಫರಿಗೆ ಬೈದೆವು. ಹಾಸ್ಟೆಲ್‌ನಲ್ಲಿ ಬೈದೆವು. ಅಟೆಂಡೆನ್ಸ್ ಶಾರ್ಟೇಜ್ ಆಗಿದ್ದಕ್ಕೂ ಆ ರೆಫರಿಯೇ ಕಾರಣ ಅನ್ನುವ ಮಟ್ಟಕ್ಕೆ ಹೋಯಿತು. ಎಲ್ಲರಿಗಿಂತ ಜಾಸ್ತಿ ಬೈದವನು ನಾನು.

ಮೊನ್ನೆ ಎಡಿಟ್‌ಗೆ ಕೂತೆ. ನಮ್ಮ ಜೂನಿಯರ್, ಪುಣ್ಯಾತ್ಮ, ಸರಿಯಾಗಿ ಗೋಲ್ ಲೈನಿನ ನೇರಕ್ಕೇ ನಿಂತು ಶೂಟ್ ಮಾಡಿದ್ದಾನೆ. ಒಂದೊಂದೇ ಫ್ರೇಮ್ ಸರಿಸಿದೆ. ಇಗೋ ಇಲ್ಲಿ ನಿಲ್ಲಿಸುತ್ತೇನೆ. ಬಾಲ್ ಇನ್ನೂ ಕದಲಿಲ್ಲ. ನನ್ನ ಎರಡೂ ಪಾದ ಲೈನಿಂದ ಮುಂದೆ. ಚೂರುಪಾರು ಅಲ್ಲ, ಒಂದು ಗೇಣು.

ಟೀಮ್ ಗ್ರೂಪಿಗೆ ಇದನ್ನು ಇನ್ನೂ ಹಾಕಿಲ್ಲ. ಕ್ಯಾಪ್ಟನ್‌ಗೆ ಮಾತ್ರ ನಿನ್ನೆ ರಾತ್ರಿ ಕಳಿಸಿದೆ. ನೋಡಿ ಉತ್ತರ ಬರೆದ: "ನಿನ್ನ ಕಾಲು ಇರಲಿ ಮಗಾ, ನಾನು ಬಾರ್ ಮೇಲೆ ಹೊಡೆದಿದ್ದನ್ನ ಕಟ್ ಮಾಡು."

ಮಾಡಿಲ್ಲ. ಈಗ ಬರುತ್ತೆ ನೋಡಿ, ಸ್ಲೋ ಮೋಷನ್‌ನಲ್ಲಿ.