ಕಾರ್ಡಿನ ವಾಗ್ದಾನ ಸಾಕಾ? ಅಧ್ಯಾಯ ಓದಿ ಮಾರಾಯ್ರೇ!

ಎಲ್ಲರಿಗೂ ಕರ್ತನ ಹೆಸರಲ್ಲಿ ವಂದನೆಗಳು. ಮಂಜೇಶ್ವರದಿಂದ ಮಾತಾಡುತ್ತಿದ್ದೇನೆ. ಹೊರಗೆ ಜೋರು ಮಳೆ. ಶೀಟಿನ ಮೇಲೆ ಬೀಳುವ ಸದ್ದು ಮೈಕಿಗೆ ಬಂದರೆ ಸ್ವಲ್ಪ ಸುಧಾರಿಸಿಕೊಳ್ಳಿ. ಇವತ್ತು ಬೇರೆ ವಿಷಯ ಇಟ್ಟುಕೊಂಡಿದ್ದೆ. ಹೋದ ವಿಡಿಯೊದ ಕೆಳಗೆ ಬಂದ ಒಂದು ಕಮೆಂಟ್ ನೋಡಿದ ಮೇಲೆ ಅದನ್ನು ಬದಿಗಿಟ್ಟೆ.

ಕಮೆಂಟ್ ಹೀಗಿದೆ: "ಬ್ರದರ್, ದಿನಾ ಬೈಬಲಿನ ಮೂರು ಅಧ್ಯಾಯ ಓದಲಿಕ್ಕೆ ಯಾರಿಗೆ ಪುರುಸೊತ್ತು? ನನಗೆ ಈ ವರ್ಷ ಯೆರೆಮೀಯ 29:11 ವಾಗ್ದಾನ ಸಿಕ್ಕಿದೆ. ನನ್ನ ಭವಿಷ್ಯ ದೇವರ ಕೈಯಲ್ಲಿದೆ. ನನಗೆ ಅಷ್ಟು ಸಾಕು."

ಸಾಲದು ಮಾರಾಯ್ರೇ. ಖಂಡಿತ ಸಾಲದು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಡಿಸೆಂಬರ್ 31ರ ರಾತ್ರಿ ನಮ್ಮ ಎಷ್ಟೋ ಸಭೆಗಳಲ್ಲಿ ಆರಾಧನೆ ಇರುತ್ತದೆ. ಹನ್ನೆರಡು ಗಂಟೆ ಕಳೆದ ಮೇಲೆ ತಟ್ಟೆಯಲ್ಲಿ ವಾಗ್ದಾನದ ಕಾರ್ಡು ಬರುತ್ತದೆ. ಗುಲಾಬಿ ಹೂವಿನ ಚಿತ್ರ, ಚಿನ್ನದ ಬಣ್ಣದ ಅಂಚು, ನಡುವೆ ಒಂದು ವಚನ. ಕಣ್ಣು ಮುಚ್ಚಿ ಒಂದನ್ನು ತೆಗೆಯುವುದು. ಆಮೇಲೆ ಅದು ಫೋನಿನ ಕವರಿನ ಹಿಂದೆ ಸೇರುತ್ತದೆ. ಒಂದು ಮನೆಯಲ್ಲಿ ಫ್ರಿಜ್ ಬಾಗಿಲ ತುಂಬಾ ವರ್ಷ ವರ್ಷದ ಕಾರ್ಡು ಅಂಟಿಸಿದ್ದು ನೋಡಿದೆ. ಅದೇ ಮನೆಯಲ್ಲಿ ಸತ್ಯವೇದ, ಅದೇ ಬೈಬಲ್, ಶೋಕೇಸಿನ ಮೇಲಿತ್ತು. ತೆಗೆಯಲು ಹೋದರೆ ಕವರಿನ ಜಿಪ್ ಬರಲೇ ಇಲ್ಲ. ನಮ್ಮ ಕರಾವಳಿಯ ಮಳೆಗಾಲ ಅಲ್ವಾ, ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಆ ಜಿಪ್ ನೋಡಿ ನನಗೆ ನಿಜವಾಗಿ ಸಂಕಟವಾಯಿತು.

ಸರಿ, 29:11 ಅಂದಿರಿ. ನಿಮ್ಮ ವಿಷಯದಲ್ಲಿ ನನ್ನ ಆಲೋಚನೆ ಕೇಡಿನದ್ದಲ್ಲ, ಹಿತದ್ದೇ, ನಿಮಗೆ ಒಳ್ಳೆಯ ಭವಿಷ್ಯ ಕೊಡುತ್ತೇನೆ ಅಂತ ದೇವರು ಹೇಳುವ ವಚನ. ನಾನು ಕೇಳುತ್ತೇನೆ, 29:10 ಓದಿದ್ದೀರಾ? ಮೇಲಿನ ಒಂದೇ ವಚನ! ಬಾಬೆಲಿನಲ್ಲಿ ಎಪ್ಪತ್ತು ವರ್ಷ ತುಂಬಿದ ಮೇಲೆ ನಿಮ್ಮನ್ನು ತಿರುಗಿ ಕರೆತರುತ್ತೇನೆ ಅಂತ ದೇವರು ಅಲ್ಲಿ ಹೇಳುತ್ತಾನೆ. ಎಪ್ಪತ್ತು ವರ್ಷ. ಅಂದರೆ ಆ ಕಾಗದ ಕೈಗೆ ಬಂದಾಗ ದೊಡ್ಡವರಾಗಿದ್ದವರಲ್ಲಿ ಹೆಚ್ಚಿನವರು ಯೆರೂಸಲೇಮನ್ನು ಮತ್ತೆ ಕಾಣದೆ ಅಲ್ಲೇ ಮಣ್ಣಾದರು. ಹೌದು, ಅದು ಕಾಗದ. ಕ್ರಿಸ್ತಪೂರ್ವ 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆಹೂದದ ರಾಜನಾದ ಯೆಕೊನ್ಯನನ್ನೂ ಜನರನ್ನೂ ಸೆರೆ ಒಯ್ದ ಮೇಲೆ ಪ್ರವಾದಿ ಯೆರೆಮೀಯ ಅವರಿಗೆ ಬರೆದದ್ದು. ದುಬೈಯಲ್ಲಿರುವ ಮಗ ಬರೆದ ಕಾಗದದಿಂದ "ಚೆನ್ನಾಗಿದ್ದೇನೆ ಅಮ್ಮ" ಅನ್ನುವ ಒಂದು ಸಾಲು ಕತ್ತರಿಸಿ, ಉಳಿದದ್ದನ್ನು ಯಾವ ತಾಯಿಯಾದರೂ ಒಲೆಗೆ ಹಾಕುತ್ತಾಳಾ?

ವಚನ ಹಿಡಿದುಕೊಂಡು ಕೂರಬೇಡಿ, ಅಧ್ಯಾಯ ಓದಿ.

ಇನ್ನೂ ಒಂದು ಪುಟ ಹಿಂದೆ ಹೋಗಿ. 28ನೇ ಅಧ್ಯಾಯದಲ್ಲಿ ಹನನ್ಯ ಅಂತ ಒಬ್ಬ ಬರುತ್ತಾನೆ. ದೇವಾಲಯದಲ್ಲಿ, ಯಾಜಕರ ಮುಂದೆ, ಜನರ ಮುಂದೆ ನಿಂತು ಹೇಳುತ್ತಾನೆ: ಎರಡೇ ವರ್ಷ, ಎಲ್ಲ ಸರಿಯಾಗುತ್ತದೆ, ಹೋದವರೆಲ್ಲ ವಾಪಸ್ ಬರುತ್ತಾರೆ. ಬಾಬೆಲಿಗೆ ತಲೆಬಾಗಬೇಕು ಅನ್ನುವ ಗುರುತಾಗಿ ಯೆರೆಮೀಯನ ಹೆಗಲ ಮೇಲಿದ್ದ ನೊಗವನ್ನು ಎಲ್ಲರೆದುರಲ್ಲೇ ಮುರಿದೂ ಹಾಕುತ್ತಾನೆ. ಯಾರಿಗೆ ಇಷ್ಟ ಆಗಲಿಕ್ಕಿಲ್ಲ ಇಂಥ ಮಾತು? ಆದರೆ ದೇವರು ಅವನನ್ನು ಕಳುಹಿಸಿರಲೇ ಇಲ್ಲ. ಅದೇ ವರ್ಷ ಏಳನೆಯ ತಿಂಗಳಲ್ಲಿ ಅವನು ಸತ್ತ.

ಇವತ್ತು ನಿಮ್ಮ ಫೋನಿನಲ್ಲಿ ಎಷ್ಟು ಮಂದಿ ಹನನ್ಯ ಇದ್ದಾರೆ? "ಈ ತಿಂಗಳು ನಿನ್ನ ವೀಸಾ ಬರುತ್ತದೆ, ಆಮೆನ್ ಅಂತ ಟೈಪ್ ಮಾಡು." ಟೈಪ್ ಮಾಡುತ್ತೀರಿ! ನನಗೆ ಗೊತ್ತಿರುವ ಒಬ್ಬ ಹುಡುಗ ಹೀಗೇ ಟೈಪ್ ಮಾಡಿದ. ತಿಂಗಳು ಹೋಯಿತು, ವರ್ಷ ಹೋಯಿತು, ವೀಸಾ ಬರಲಿಲ್ಲ. ಅಪ್ಪನ ಅಡಿಕೆಗೆ ಕೊಳೆರೋಗ ಬಂತು. ಹುಡುಗ ಆರಾಧನೆಗೆ ಬರುವುದನ್ನೇ ಬಿಟ್ಟ. "ದೇವರು ಮಾತು ತಪ್ಪಿದ ಅಣ್ಣ" ಅಂದ. ಮಗನೇ, ದೇವರು ನಿನಗೆ ಯಾವಾಗ ಆ ಮಾತು ಕೊಟ್ಟಿದ್ದ? ಅದನ್ನು ಹೇಳಿದ್ದು ಫೋನಿನ ಒಳಗಿದ್ದ ಮನುಷ್ಯ. ಆ ಅಧ್ಯಾಯವನ್ನು ಮೊದಲೇ ಓದಿದ್ದರೆ ಈ ಹುಡುಗನಿಗೆ ಕಾಯುವ ಶಕ್ತಿ ಇರುತ್ತಿತ್ತು. ಇದಕ್ಕೇ ನನಗೆ ಸಿಟ್ಟು ಬರುವುದು.

ಯಾಕೆಂದರೆ ಆ ಕಾಗದದಲ್ಲಿ ದೇವರು ಏನು ಮಾಡಲು ಹೇಳಿದ? ಮನೆ ಕಟ್ಟಿ. ತೋಟ ಮಾಡಿ, ಫಲ ತಿನ್ನಿ. ಮದುವೆಯಾಗಿ, ಮಕ್ಕಳಿಗೂ ಮದುವೆ ಮಾಡಿಸಿ. ಏಳನೆಯ ವಚನದಲ್ಲಿ ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಅಂತ ಇದೆ. ಭವಿಷ್ಯವನ್ನು ದೇವರ ಕೈಗೆ ಕೊಡುವುದು ಅಂದರೆ ಇದು. ನಾವು ಕಾಸರಗೋಡಿನ ಕನ್ನಡಿಗರು ಈ ವಚನ ಓದುವಾಗ ನನಗೆ ಮೈ ಜುಮ್ಮೆನ್ನುತ್ತದೆ. ನಾವೇನು ಸೆರೆ ಹೋದವರಲ್ಲ. ನಮ್ಮ ಮನೆ ಇದ್ದಲ್ಲೇ ಇತ್ತು, 1956ರ ನವೆಂಬರ್ 1ಕ್ಕೆ ರಾಜ್ಯ ಬದಲಾಯಿತು. ಆಫೀಸಿನ ಅರ್ಜಿ ಬೇರೆ ಭಾಷೆ, ಮಕ್ಕಳ ಶಾಲೆ ಏನಾಗುತ್ತದೋ ಎಂಬ ಚಿಂತೆ. ಹಾಗಿರುವಾಗ ಇದ್ದ ಊರಿಗೆ ಒಳ್ಳೆಯದು ಬಯಸು ಅನ್ನುವ ಮಾತು ಎಷ್ಟು ಬಲ ಕೊಡುತ್ತದೆ! ಕಾರ್ಡಿನಲ್ಲಿ ಏಳನೆಯ ವಚನ ಯಾರಿಗಾದರೂ ಸಿಕ್ಕಿದೆಯಾ? ಸಿಕ್ಕಿದರೆ ಕೆಳಗೆ ಬರೆಯಿರಿ.

ಹಾಂ, ಬರೆಯುವಾಗ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ಅಧ್ಯಾಯದ ಆಡಿಯೊ ಹಾಕುತ್ತೇವೆ, ತುಳುವಿನಲ್ಲಿ ಸಣ್ಣ ವಿವರಣೆಯೂ ಉಂಟು. ಲಿಂಕ್ ಕೆಳಗಿದೆ. ಹಣ ಗಿಣ ಏನೂ ಇಲ್ಲ.

ಈಗ ಪುರುಸೊತ್ತಿನ ಮಾತು. ಸತ್ಯವೇದದಲ್ಲಿ 66 ಪುಸ್ತಕ, 1,189 ಅಧ್ಯಾಯ. ದಿನಕ್ಕೆ ಮೂರು, ಕೆಲವು ದಿನ ನಾಲ್ಕು ಓದಿದರೆ ವರ್ಷದಲ್ಲಿ ಮುಗಿಯುತ್ತದೆ. 117ನೇ ಕೀರ್ತನೆಯಲ್ಲಿ ಇರುವುದೇ ಎರಡು ವಚನ. 119ರಲ್ಲಿ 176 ಇದೆ, ಆ ದಿನ ಅದೊಂದೇ ಓದಿ. ತಲಪಾಡಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುವಷ್ಟು ಹೊತ್ತು ರೀಲ್ಸ್ ನೋಡುತ್ತೀರಿ. ಅದಕ್ಕೆ ಪುರುಸೊತ್ತು ಎಲ್ಲಿಂದ ಬಂತು?

"ಕನ್ನಡ ಕಷ್ಟ, ನಮ್ಮ ಮಕ್ಕಳು ಮಲಯಾಳಂ ಮೀಡಿಯಂ." ಮಲಯಾಳಂನಲ್ಲಿ ಓದಿಸಿ, ಯಾರು ಬೇಡ ಅಂದರು? ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತರು, ಅನುವಾದಕ್ಕೆ ಕೂತರು. ಪೂರ್ತಿ ಸತ್ಯವೇದ ಕನ್ನಡದಲ್ಲಿ ಬರುವಾಗ 1831. ತುಳುವಿನಲ್ಲಿ ಹೊಸ ಒಡಂಬಡಿಕೆ 1847ರಲ್ಲಿ ಬಂತು, ಬಾಸೆಲ್ ಮಿಷನ್‌ನವರ ಕೆಲಸ. ಪ್ರತಿಯೊಂದು ಭಾಷೆಗೆ ಇಷ್ಟು ಒದ್ದಾಡಿದ್ದು ಶೋಕೇಸಿನಲ್ಲಿ ಇಡಲಿಕ್ಕಾ?

ಒಬ್ಬರು ಹಿರಿಯರು ಫೋನ್ ಮಾಡಿ ನನ್ನನ್ನು ಸಿಕ್ಕಿಸಲು ನೋಡಿದರು. "ಜರ್ಮನಿಯ ಹೆರ್ನ್‌ಹುಟ್‌ನ ಮೊರೇವಿಯನ್ ಸಭೆಯ ಕ್ರೈಸ್ತರು ಚೀಟಿ ಎತ್ತಿ ದಿನಕ್ಕೊಂದು ವಚನ ಓದುತ್ತಿದ್ದರಲ್ಲ, 1731ರಿಂದ ಅದು ಪುಸ್ತಕವಾಗಿ ಬರುತ್ತಿದೆ" ಅಂದರು. ಬರುತ್ತಿದೆ. ಆದರೆ ಅದು ಪ್ರತಿದಿನದ್ದು ಅಣ್ಣಾ! ವರ್ಷಕ್ಕೆ ಒಂದು ಎತ್ತಿ ಫ್ರಿಜ್ಜಿಗೆ ಅಂಟಿಸುವುದಲ್ಲ.

ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರ, ಮನ್ನಾ, ನೆನಪಿದೆಯಾ? ವಿಮೋಚನಕಾಂಡ 16. ಆಯಾ ದಿನದ್ದು ಆಯಾ ದಿನ ಕೂಡಿಸಬೇಕು. ನಾಳೆಗೆ ಅಂತ ಇಟ್ಟವರದ್ದು ಹುಳ ಬಿದ್ದು ನಾತ ಹೊಡೆಯಿತು. ವಿಶ್ರಾಂತಿ ದಿನವಾದ ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡರಷ್ಟು. ಅರಣ್ಯದಲ್ಲಿ ನಾಳೆಯ ಊಟ ದೇವರು ಕೊಡುತ್ತಾನೆ ಅಂತ ಅವರು ಕಲಿತದ್ದು ಬೆಳಿಗ್ಗೆ ಎದ್ದು ಬಗ್ಗಿ ಹೆಕ್ಕಿ. ಮಲಗಿದಲ್ಲಿಗೆ ಯಾರೂ ತಂದು ಕೊಡಲಿಲ್ಲ.

ದಿನಾ ಓದಿ. ಅಧ್ಯಾಯ ಓದಿ. ಎಷ್ಟು ಸಲ ಹೇಳಬೇಕು? "ಅರ್ಥ ಆಗದಿದ್ದರೆ?" ಓದಿ. "ಬೇಜಾರು ಬಂದರೆ?" ಓದಿ. ಯಾಜಕಕಾಂಡ ಬಂದಾಗ ನಿದ್ದೆ ಬರುತ್ತದಂತೆ, ಎದ್ದು ನಿಂತು ಓದಿ! ಪಿಎಸ್‌ಸಿ ಗೈಡು ಅರ್ಥ ಆಗದಿದ್ದರೂ ರಾತ್ರಿ ಕೂತು ಓದುತ್ತೀರಿ ಅಲ್ವಾ?

ಕಮೆಂಟ್ ಹಾಕಿದ ತಮ್ಮಾ, ನಿನ್ನ ಮೇಲೆ ಸಿಟ್ಟಲ್ಲ. ಕಾರ್ಡು ಬಿಸಾಡು ಅಂತಲೂ ಹೇಳುತ್ತಿಲ್ಲ. ಇವತ್ತು ರಾತ್ರಿ ಊಟ ಆದ ಮೇಲೆ ಯೆರೆಮೀಯ 28 ಮತ್ತು 29 ಪೂರ್ತಿ ಓದು. ಶೆಮಾಯ ಅಂತ ಒಬ್ಬ ಕೊನೆಯಲ್ಲಿ ಬರುತ್ತಾನೆ, ಅವನು ಯಾಕೆ ಯೆರೆಮೀಯನ ಮೇಲೆ ದೂರು ಬರೆದ ಅಂತ ಇದೇ ವಿಡಿಯೊದ ಕೆಳಗೆ ಬರೆ. ನಾನು ಕಾದು ಕೂತಿರುತ್ತೇನೆ, ಉತ್ತರ ಕೊಡುತ್ತೇನೆ. ಗುಂಪಿಗೂ ಸೇರು. ನಾಳೆ ಬೆಳಿಗ್ಗೆ ಆರಕ್ಕೆ 30ನೇ ಅಧ್ಯಾಯ ಹಾಕುತ್ತೇನೆ. ಕರೆಂಟ್ ಹೋದರೆ ಅರ್ಧ ಗಂಟೆ ಆಚೀಚೆ ಆದೀತು.