ವಿಜ್ಞಾನ ಮ್ಯೂಸಿಯಂ ನಡೆಸುವ ಕೆಲಸದಲ್ಲಿ ನಿಮಗೂ ಪಾಲು ಬೇಕು

ಕೇಳುಗರಿಗೆಲ್ಲ ನಮಸ್ಕಾರ.

ವಿಜ್ಞಾನ ಮ್ಯೂಸಿಯಂಗೆ ನೀವು ಹೋಗಿದ್ದು ಯಾವಾಗ? ಬಹುಶಃ ಶಾಲೆಯ ಪ್ರವಾಸದಲ್ಲಿ. ಆಮೇಲೆ ನಿಮ್ಮ ಮಕ್ಕಳನ್ನು ಕರೆದುಕೊಂಡು ಇನ್ನೊಂದು ಸಲ. ಟಿಕೆಟ್ ತಗೊಂಡಿರಿ, ಬಟನ್ ಒತ್ತಿದಿರಿ, ಹೊರಗೆ ಬಂದು ಚುರುಮುರಿ ತಿಂದು ಮನೆಗೆ ಹೋದಿರಿ. ನಿಮಗೆ ಯಾವುದು ಅರ್ಥವಾಯಿತು, ಯಾವುದು ಆಗಲಿಲ್ಲ, ಇಲ್ಲಿ ಇನ್ನೂ ಏನಿರಬೇಕಿತ್ತು ಅಂತ ಯಾರಾದರೂ ಕೇಳಿದರಾ? ಕೇಳಿರಲಾರರು. ನಾನು ಇವತ್ತು ಹೇಳಲು ಬಂದಿರುವುದು ಇಷ್ಟೇ. ಕೇಳಬೇಕು. ಮ್ಯೂಸಿಯಂ ನಡೆಸುವವರು ಜನರನ್ನು ಕೇಳಿ ನಡೆಸಬೇಕು.

ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ನಿಮಗೆಲ್ಲ ಗೊತ್ತು. 1962ರಲ್ಲಿ ನೆಹರೂ ಅವರು ಉದ್ಘಾಟನೆ ಮಾಡಿದ್ದು. ಕಲಬುರಗಿಯಲ್ಲಿ, ಧಾರವಾಡದಲ್ಲಿ, ಮಂಗಳೂರಿನ ಪಿಲಿಕುಳದಲ್ಲಿ ವಿಜ್ಞಾನ ಕೇಂದ್ರಗಳಿವೆ. ವಿಜ್ಞಾನದ ಬಸ್ಸು ಹಳ್ಳಿ ಶಾಲೆಯ ಅಂಗಳಕ್ಕೇ ಬಂದು ನಿಂತಿದ್ದನ್ನು ಕೆಲವರು ನೋಡಿರುತ್ತೀರಿ. ಇದಕ್ಕೆಲ್ಲ ನಮ್ಮ ತೆರಿಗೆ ಹಣವೂ ಹೋಗುತ್ತದೆ. ಬೀದಿ ಗಣಪತಿಗೆ ನೂರು ರೂಪಾಯಿ ಚಂದಾ ಕೊಟ್ಟವರು ಮಂಟಪ ಎಲ್ಲಿ, ಊಟಕ್ಕೆ ಏನು, ಲೆಕ್ಕ ಎಲ್ಲಿ ಅಂತ ಧೈರ್ಯವಾಗಿ ಕೇಳುತ್ತಾರೆ. ಮ್ಯೂಸಿಯಂ ವಿಷಯದಲ್ಲಿ ಮಾತ್ರ ನಾವು ಸುಮ್ನೆ ಇರುತ್ತೇವೆ. ಅದು ದೊಡ್ಡವರ, ಓದಿದವರ ಕೆಲಸ ಅಂದುಕೊಂಡಿದ್ದೇವೆ. ಹಾಗಲ್ಲ.

ಇಲ್ಲಿ ನಿಮಗೆ ಒಬ್ಬರ ಕಥೆ ಹೇಳಬೇಕು. ನನಗೆ ತುಂಬ ಇಷ್ಟದ ಕಥೆ. ಅವರ ಹೆಸರು ಫ್ರಾಂಕ್ ಓಪನ್‌ಹೈಮರ್. ಅಣುಬಾಂಬ್ ಮಾಡಿದ ಲಾಸ್ ಅಲಮೋಸ್ ಪ್ರಯೋಗಾಲಯದ ಮುಖ್ಯಸ್ಥ ರಾಬರ್ಟ್ ಓಪನ್‌ಹೈಮರ್ ಹೆಸರು ಕೇಳಿದ್ದೀರಿ, ಅವರ ತಮ್ಮ. ಇವರೂ ಭೌತವಿಜ್ಞಾನಿ. ಹಿಂದೆ ಕಮ್ಯುನಿಸ್ಟ್ ಪಕ್ಷದಲ್ಲಿದ್ದರು ಅನ್ನುವ ಕಾರಣಕ್ಕೆ 1949ರಲ್ಲಿ ವಿಶ್ವವಿದ್ಯಾಲಯದ ಕೆಲಸ ಹೋಯಿತು. ಬೇರೆ ಕಡೆಯೂ ಯಾರೂ ಸೇರಿಸಿಕೊಳ್ಳಲಿಲ್ಲ. ಕೊಲರಾಡೊ ರಾಜ್ಯದ ಬೆಟ್ಟಗಳ ನಡುವೆ ದನ ಸಾಕಿಕೊಂಡು ವರ್ಷಗಟ್ಟಲೆ ಇದ್ದರು. ಆಮೇಲೆ ಅಲ್ಲೇ ಪಗೋಸ ಸ್ಪ್ರಿಂಗ್ಸ್ ಅನ್ನುವ ಸಣ್ಣ ಊರಿನ ಹೈಸ್ಕೂಲಿನಲ್ಲಿ ಮೇಷ್ಟ್ರಾದರು. ಲ್ಯಾಬಿನಲ್ಲಿ ಸಾಮಾನಿಲ್ಲ ಅಂತ ಕೈಕಟ್ಟಿ ಕೂರಲಿಲ್ಲ. ಮಕ್ಕಳನ್ನು ಊರಾಚೆ ಕಸ ಸುರಿಯುವ ಜಾಗಕ್ಕೆ ಕರೆದುಕೊಂಡು ಹೋದರು. ಅಲ್ಲಿ ಬಿದ್ದಿದ್ದ ಹಳೇ ಕಾರಿನ ಭಾಗಗಳಲ್ಲೇ ಯಂತ್ರಶಾಸ್ತ್ರ, ಶಾಖ, ವಿದ್ಯುತ್ ಎಲ್ಲ ಪಾಠ ಮಾಡಿದರು.

ಇಂಥ ಮೇಷ್ಟ್ರು 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಎಕ್ಸ್‌ಪ್ಲೊರೇಟೋರಿಯಂ ಅನ್ನುವ ವಿಜ್ಞಾನ ಮ್ಯೂಸಿಯಂ ಶುರು ಮಾಡಿದರು. ಅದಕ್ಕೆ ಸಿಕ್ಕಿದ್ದು 1915ರ ವಸ್ತುಪ್ರದರ್ಶನಕ್ಕೆ ಕಟ್ಟಿದ್ದ ಒಂದು ಭಾರಿ ಕಟ್ಟಡ. ಒಳಗೆ ಹೆಚ್ಚುಕಮ್ಮಿ ಖಾಲಿ. ಎಲ್ಲ ಸಿದ್ಧವಾಗಲಿ, ಆಮೇಲೆ ರಿಬ್ಬನ್ ಕತ್ತರಿಸೋಣ ಅಂತ ಅವರು ಕಾಯಲಿಲ್ಲ. ಬಾಗಿಲು ತೆಗೆದೇಬಿಟ್ಟರು. ಇಲ್ಲಿ ಒಂದು ಸಮುದಾಯದ ಮ್ಯೂಸಿಯಂ ತಯಾರಾಗುತ್ತಿದೆ ಅಂತ ಬೋರ್ಡು ಹಾಕಿದರು. ತಯಾರಾಗಿದೆ ಅಂತಲ್ಲ, ತಯಾರಾಗುತ್ತಿದೆ ಅಂತ! ವರ್ಕ್‌ಶಾಪನ್ನು ಹಿಂದೆಲ್ಲೋ ಗೋಡೆಯ ಮರೆಯಲ್ಲಿ ಇಡಲಿಲ್ಲ. ಬಂದವರಿಗೆಲ್ಲ ಕಾಣುವ ಹಾಗೆ ಇಟ್ಟರು. ವೆಲ್ಡಿಂಗ್ ಕಿಡಿ, ಮರ ಕೊಯ್ಯುವ ಸದ್ದು, ಎಲ್ಲ ಜನರ ಎದುರಿಗೇ. ಅರ್ಧ ಮಾಡಿದ ಮಾದರಿಯನ್ನು ತಂದು ನಡುವೆ ಇಡುತ್ತಿದ್ದರು. ಜನ ಅದನ್ನು ಹೇಗೆ ಹಿಡಿಯುತ್ತಾರೆ, ಎಲ್ಲಿ ತಿರುಗಿಸುತ್ತಾರೆ, ಎಲ್ಲಿ ಬೇಸರವಾಗಿ ಬಿಟ್ಟು ಹೋಗುತ್ತಾರೆ ಅಂತ ನೋಡುವುದು. ವಾಪಸ್ ತಗೊಂಡು ಹೋಗಿ ಸರಿ ಮಾಡುವುದು. ಮತ್ತೆ ತಂದು ಇಡುವುದು.

ಇನ್ನೂ ಒಂದಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಅಲ್ಲಿ ವಿವರಣೆ ಕೊಡುವವರು ಯಾರು ಗೊತ್ತಾ? ಹೈಸ್ಕೂಲ್ ಹುಡುಗ ಹುಡುಗಿಯರು. ಫಸ್ಟ್ ಕ್ಲಾಸ್ ಬಂದವರೇ ಬೇಕು ಅಂತಿಲ್ಲ. ಬೇರೆ ಬೇರೆ ಬಡಾವಣೆಗಳಿಂದ, ಬೇರೆ ಬೇರೆ ಮನೆಗಳಿಂದ ಬಂದವರು. ಪುಕ್ಕಟೆ ಕೆಲಸವೂ ಅಲ್ಲ, ಸಂಬಳ ಕೊಡುತ್ತಿದ್ದರು. ಆ ಮಕ್ಕಳು ಜನರ ಮುಂದೆ ಮೇಜು ಹಾಕಿಕೊಂಡು ಹಸುವಿನ ಕಣ್ಣನ್ನು ಕೊಯ್ದು ತೋರಿಸುತ್ತಾರೆ. ಮೊದಲು ಹೊರಗಿನ ಗಟ್ಟಿ ಪದರ. ಒಳಗೆ ಲೋಳೆಯಂಥ ದ್ರವ. ಅದರ ಹಿಂದೆ ನವಿಲುಗರಿಯಂತೆ ನೀಲಿ ಹಸಿರು ಹೊಳೆಯುವ ಪೊರೆ. ರಾತ್ರಿ ನಮ್ಮ ಟಾರ್ಚಿಗೆ ಹಸುವಿನ ಕಣ್ಣು ಹೊಳೆಯುತ್ತದಲ್ಲ, ಅದಕ್ಕೆ ಕಾರಣ ಇದೇ ಪೊರೆ. ಆಮೇಲೆ ಗೋಲಿಯಂಥ ಮಸೂರವನ್ನು ಹೊರಗೆ ತೆಗೆದು ಪತ್ರಿಕೆಯ ಮೇಲೆ ಇಡುತ್ತಾರೆ. ಕೆಳಗಿನ ಅಕ್ಷರ ದೊಡ್ಡದಾಗಿ ಕಾಣುತ್ತದೆ! ಹದಿನಾರು ವರ್ಷದ ಹುಡುಗಿ ಇದನ್ನು ಮಾಡಿ ತೋರಿಸುವಾಗ ಎದುರು ನಿಂತ ಅಜ್ಜ ಸಂಕೋಚವಿಲ್ಲದೆ ಪ್ರಶ್ನೆ ಕೇಳುತ್ತಾನೆ. ಪ್ರೊಫೆಸರ್ ನಿಂತಿದ್ದರೆ ಕೇಳುತ್ತಿರಲಿಲ್ಲ. ಮ್ಯೂಸಿಯಂನಲ್ಲಿ ಯಾರೂ ಫೇಲ್ ಆಗುವುದಿಲ್ಲ ಅನ್ನುತ್ತಿದ್ದರು ಓಪನ್‌ಹೈಮರ್. 1985ರಲ್ಲಿ ತೀರಿಕೊಂಡರು. ಹೈಸ್ಕೂಲ್ ಮಕ್ಕಳೇ ವಿವರಿಸುವ ಪದ್ಧತಿ ಅವರ ನಂತರವೂ ನಿಲ್ಲಲಿಲ್ಲ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. 1994ರಲ್ಲಿ ಲಂಡನ್ನಿನ ಸೈನ್ಸ್ ಮ್ಯೂಸಿಯಂ, ಗಿಡಗಳ ಜೈವಿಕ ತಂತ್ರಜ್ಞಾನದ ಬಗ್ಗೆ ಸಾಮಾನ್ಯ ಜನರ ತಂಡವನ್ನೇ ಕೂರಿಸಿತು. ಅವರು ತಜ್ಞರನ್ನು ಪ್ರಶ್ನೆ ಮಾಡಿದರು, ತಮ್ಮ ಅಭಿಪ್ರಾಯವನ್ನು ತಾವೇ ಬರೆದುಕೊಟ್ಟರು. ಕೆನಡಾದ ಟೊರೊಂಟೊದಲ್ಲಿ ಹೀಗಾಗಲಿಲ್ಲ. 2024ರ ಜೂನ್‌ನಲ್ಲಿ ಸರ್ಕಾರ ಅಲ್ಲಿನ ವಿಜ್ಞಾನ ಕೇಂದ್ರವನ್ನು ಛಾವಣಿ ಅಪಾಯದಲ್ಲಿದೆ ಅಂತ ಒಂದೇ ದಿನದಲ್ಲಿ ಮುಚ್ಚಿಸಿತು. ಸುತ್ತಮುತ್ತಲ ಜನ ಬೀದಿಗಿಳಿದರು. ನಮ್ಮನ್ನು ಮೊದಲೇ ಯಾಕೆ ಕೇಳಲಿಲ್ಲ ಅನ್ನುವುದು ನ್ಯಾಯವಾದ ಸಿಟ್ಟು. ನಮ್ಮಲ್ಲೂ ಒಳ್ಳೆಯ ಆರಂಭ ಆಗಿದೆ. ಸೈನ್ಸ್ ಗ್ಯಾಲರಿ ಬೆಂಗಳೂರು ತನ್ನ ಪ್ರದರ್ಶನಗಳಿಗೆ ಬಹಿರಂಗವಾಗಿ ಯೋಜನೆಗಳನ್ನು ಆಹ್ವಾನಿಸುತ್ತದೆ. ಅಲ್ಲಿ ಬಂದವರ ಜೊತೆ ಮಾತಾಡುವವರು ಯುವಕ ಯುವತಿಯರೇ. ಪ್ರವೇಶ ಉಚಿತ.

ಇದು ಬೆಂಗಳೂರಿಗೆ ಮಾತ್ರ ಸಾಲದು. ಬೋರ್‌ವೆಲ್ ಬಗ್ಗೆ ಒಂದು ಗ್ಯಾಲರಿ ಮಾಡುತ್ತೀರಾ? ಕೋಲಾರದ ರೈತರನ್ನು ಕರೆಯಿರಿ. ಸಾವಿರ ಅಡಿ ಕೊರೆಸಿ ನೀರು ಕಾಣದವರು ಅಲ್ಲಿದ್ದಾರೆ. ಯಂತ್ರಗಳ ಗ್ಯಾಲರಿಯಾ? ಪೀಣ್ಯದ ಲೇತ್ ಕೆಲಸಗಾರರನ್ನು ಸಮಿತಿಗೆ ಹಾಕಿ. ಸಹಿ ಹಾಕುವುದಕ್ಕಲ್ಲ, ತೀರ್ಮಾನ ಮಾಡುವುದಕ್ಕೆ. ಕನ್ನಡದ ಫಲಕ ಬರೆದರೆ ಅಚ್ಚಿಗೆ ಕೊಡುವ ಮೊದಲು ಕಾಗದದಲ್ಲಿ ಬರೆದು ಏಳನೇ ಕ್ಲಾಸಿನ ಮಕ್ಕಳ ಕೈಲಿ ಓದಿಸಿ. ಅವರು ಎಡವಿದ ಸಾಲನ್ನು ತಿದ್ದಿ. ಇದಕ್ಕೆ ಖರ್ಚಾದರೂ ಎಷ್ಟು? ಜನರಿಗೆ ಗೊತ್ತಾಗಲ್ಲ ಅನ್ನುವ ಮಾತನ್ನು ಸಭೆಗಳಲ್ಲಿ ಕೇಳಿ ಕೇಳಿ ನನಗೆ ಸಾಕಾಗಿದೆ. ಕೇಳಿ ನೋಡಿದ ಮೇಲೆ ಹೇಳಿ ಸ್ವಾಮಿ.

ಕೇಳುಗರೇ, ನಿಮಗೂ ಒಂದು ಕೆಲಸ ಇದೆ. ಈ ರಜೆಯಲ್ಲಿ ಹತ್ತಿರದ ವಿಜ್ಞಾನ ಕೇಂದ್ರಕ್ಕೆ ಹೋಗಿ. ಬಟನ್ ಒತ್ತಿದಾಗ ದೀಪ ಹತ್ತಲಿಲ್ಲವಾ, ಫಲಕ ಅರ್ಥವಾಗಲಿಲ್ಲವಾ, ನಿಮ್ಮ ಕಸುಬಿನ ವಿಜ್ಞಾನ ಅಲ್ಲಿಲ್ಲವಾ? ಸಂದರ್ಶಕರ ಪುಸ್ತಕ ಕೇಳಿ ಪಡೆಯಿರಿ. ಚೆನ್ನಾಗಿದೆ ಅಂತ ಒಂದು ಸಾಲು ಗೀಚಿ ಬರಬೇಡಿ. ಯಾವ ಗ್ಯಾಲರಿ, ಯಾವ ಯಂತ್ರ, ಏನು ತೊಂದರೆ, ಎಲ್ಲ ಬಿಡಿಸಿ ಬರೆಯಿರಿ. ನಿಮ್ಮ ಹೆಸರು, ತಾರೀಖು ಹಾಕಿ. ಒಂದು ತಿಂಗಳು ಬಿಟ್ಟು ಫೋನ್ ಮಾಡಿ, ನಾನು ಬರೆದದ್ದು ಏನಾಯಿತು ಅಂತ ವಿಚಾರಿಸಿ. ನಮಸ್ಕಾರ.