ಕಾರ್ಲ್ ಬಾರ್ತ್ ಮತ್ತು ಒಂದು ಬೆರಳಿನ ಜಗಳ

ಎಲ್ಲರಿಗೂ ನಮಸ್ಕಾರ.

ಬಾಸೆಲ್ ಅಂದ ಕೂಡಲೇ ಮಂಗಳೂರು ಕಡೆಯವರಿಗೆ ಹೆಂಚು, ನೇಯ್ಗೆ, ಅಚ್ಚುಕೂಟ, ಕಿಟೆಲರ ನಿಘಂಟು ನೆನಪಾಗುತ್ತವೆ. 1834ರಲ್ಲಿ ಇಲ್ಲಿಗೆ ಮಿಷನರಿಗಳನ್ನು ಕಳಿಸಿದ ಅದೇ ಸ್ವಿಸ್ ಊರಲ್ಲಿ 1886ರಲ್ಲಿ ಕ್ರೈಸ್ತ ದೇವತಾಶಾಸ್ತ್ರಜ್ಞ ಕಾರ್ಲ್ ಬಾರ್ತ್ ಹುಟ್ಟಿದರು. ಹೆಂಚಿಗೂ ಅವರಿಗೂ ಸಂಬಂಧ ಇಲ್ಲ ಬಿಡಿ. ಇವತ್ತು ಅವರ ಬಗ್ಗೆ, ಅದಕ್ಕಿಂತ ಜಾಸ್ತಿ ಅವರ ಮೇಲೆ ಸಿಟ್ಟಾದ ಇವಾಂಜೆಲಿಕಲ್ ಕ್ರೈಸ್ತರ, ಅಂದರೆ ಬೈಬಲ್ಲೇ ಕೊನೆಯ ಮಾತು ಅಂತ ಗಟ್ಟಿಯಾಗಿ ಹಿಡಿದವರ ಬಗ್ಗೆ ಮಾತಾಡುತ್ತೇನೆ.

ಸಿಟ್ಟು ಯಾಕೆ? ಮೇಲ್ನೋಟಕ್ಕೆ ಅವರಿಗೆ ಖುಷಿ ಆಗಬೇಕಿತ್ತು. ಬಾರ್ತ್ ಜಾಫೆನ್‌ವಿಲ್ ಅನ್ನೋ ಸಣ್ಣ ಊರಿನಲ್ಲಿ ಪಾಸ್ಟರ್ ಆಗಿದ್ದರು. 1914ರಲ್ಲಿ ಜರ್ಮನಿಯ 93 ಪಂಡಿತರು ಕೈಸರನ ಯುದ್ಧವನ್ನು ಸಮರ್ಥಿಸಿ ಸಹಿ ಹಾಕಿದರು. ಅದರಲ್ಲಿ ಬಾರ್ತ್ ಅವರ ಗುರುಗಳೂ ಇದ್ದರು. ಇವರು ಕಲಿಸಿದ ಉದಾರವಾದಿ ದೇವತಾಶಾಸ್ತ್ರ, ಅಂದರೆ ಧರ್ಮವನ್ನು ಮನುಷ್ಯನ ಅನುಭವ, ನೀತಿಯಿಂದಲೇ ವಿವರಿಸೋ ವಿಚಾರ, ಇಷ್ಟೇನಾ ಅಂತ ಬಾರ್ತ್‌ಗೆ ಅನ್ನಿಸಿತು. ಬೈಬಲಿನಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು ಹಿಡಿದು ಕೂತರು. 1919ರಲ್ಲಿ ಅದರ ಮೇಲೆ ಪುಸ್ತಕ ಬಂತು. ದೇವರು ಅಂದರೆ ಮನುಷ್ಯನ ಒಳ್ಳೆಯ ಭಾವನೆಗಳಲ್ಲ, ದೇವರು ದೇವರೇ ಅಂದರು. 1934ರಲ್ಲಿ ಹಿಟ್ಲರನಿಗೆ ತಲೆಬಾಗಿದ ಸಭೆಗಳ ವಿರುದ್ಧ ಬಾರ್ಮೆನ್ ಘೋಷಣೆ ಬರೆದರು. ಮರುವರ್ಷ ಬಾನ್ ವಿಶ್ವವಿದ್ಯಾಲಯದ ಕೆಲಸ ಹೋಯಿತು.

ಜಗಳ ಇದ್ದದ್ದು ಬೈಬಲ್ ವಿಷಯದಲ್ಲಿ. ಬಾರ್ತ್ ಅವರ ಮೇಜಿನ ಮೇಲ್ಗಡೆ ಗ್ರುನೆವಾಲ್ಡ್ ಬರೆದ ಶಿಲುಬೆಯ ಚಿತ್ರದ ಒಂದು ಪ್ರತಿ ಇತ್ತು. ಅದರಲ್ಲಿ ಸ್ನಾನಿಕ ಯೋಹಾನ ಉದ್ದನೆಯ ಬೆರಳಿಂದ ಯೇಸುವನ್ನು ತೋರಿಸುತ್ತಾನೆ. ಬೈಬಲ್ ಆ ಬೆರಳಿನ ಹಾಗೆ ಅನ್ನೋದು ಬಾರ್ತ್ ವಾದ. ಅದು ಸಾಕ್ಷಿ. ಮನುಷ್ಯರು ಬರೆದದ್ದು, ತಪ್ಪೂ ಇರಬಹುದು. ಪವಿತ್ರಾತ್ಮ ಮಾತಾಡಿದಾಗ ಅದು ನಮಗೆ ದೇವರ ವಾಕ್ಯ ಆಗುತ್ತದೆ. ಈ ‘ಆಗುತ್ತದೆ’ ಅನ್ನೋ ಒಂದು ಪದಕ್ಕೆ ಎಷ್ಟು ಶಾಯಿ ಖರ್ಚಾಗಿದೆ ಗೊತ್ತಾ? ಇವಾಂಜೆಲಿಕಲರ ಪ್ರಕಾರ ಬೈಬಲ್ ದೇವರ ವಾಕ್ಯ ಆಗೋದಲ್ಲ, ದೇವರ ವಾಕ್ಯವೇ. ಬೆರಳೇ ಸೊಟ್ಟಗಿದ್ದರೆ ಅದು ಎತ್ತ ತೋರಿಸುತ್ತಿದೆ ಅಂತ ನಂಬೋದು ಹೇಗೆ?

ಫಿಲಡೆಲ್ಫಿಯಾದ ದೇವತಾಶಾಸ್ತ್ರ ಪಂಡಿತ ಕಾರ್ನೀಲಿಯಸ್ ವ್ಯಾನ್ ಟಿಲ್ ಎಲ್ಲರಿಗಿಂತ ಖಾರವಾಗಿ ಬರೆದರು. ಬಾರ್ತ್ ಹೇಳೋದು ಹಳೆಯ ಉದಾರವಾದವೇ, ಬಟ್ಟೆ ಮಾತ್ರ ಹೊಸದು ಅನ್ನೋ ಅರ್ಥದಲ್ಲಿ 1946ರಲ್ಲೇ ಒಂದು ಪುಸ್ತಕ, 1962ರಲ್ಲಿ ಇನ್ನೊಂದು. ಮೆಚ್ಚಬೇಕಾದ್ದು ಏನಂದರೆ, ಸುಮ್ನೆ ಬೈಯಲಿಲ್ಲ, ಜರ್ಮನ್ ಮೂಲವನ್ನೇ ಓದಿ ಬೈದರು. ಬಾರ್ತ್ ಕೂಡ ಕಮ್ಮಿ ಇರಲಿಲ್ಲ. 1961ರಲ್ಲಿ ಇಂಥವರ ಪ್ರಶ್ನೆಗಳು ಬಂದಾಗ ಉತ್ತರ ಕೊಡಲು ಒಪ್ಪಲಿಲ್ಲ. ಇವರಿಗೆ ನನ್ನನ್ನು ತಿಂದುಹಾಕಬೇಕು ಅಂತ ಪತ್ರ ಬರೆದರು.

ಆ ಪತ್ರ ಯಾರಿಗೆ ಅಂತೀರಿ? ಜೆಫ್ರಿ ಬ್ರೋಮಿಲಿಗೆ. ಅವರೂ ಇವಾಂಜೆಲಿಕಲ್ಲೇ, ಕ್ಯಾಲಿಫೋರ್ನಿಯಾದ ಫುಲ್ಲರ್ ಸೆಮಿನರಿಯ ಪ್ರೊಫೆಸರ್. ಬಾರ್ತ್ ಬರೆದ, ಕೊನೆಗೂ ಮುಗಿಯದ, ಸಾವಿರಾರು ಪುಟಗಳ ‘ಚರ್ಚ್ ಡಾಗ್ಮ್ಯಾಟಿಕ್ಸ್’ ಇಂಗ್ಲಿಷಿಗೆ ಬಂದದ್ದರಲ್ಲಿ ದೊಡ್ಡ ಪಾಲು ಇವರ ದುಡಿಮೆ. ಬೈದವರ ಮನೆಯವರೇ ಅನುವಾದ ಮಾಡಿ ಕೊಟ್ಟರು ಅನ್ನಿ.

1962ರ ಒಂದು ಪ್ರಸಂಗ ನನಗೆ ತುಂಬ ಇಷ್ಟ. ವಾಷಿಂಗ್ಟನ್‌ನಲ್ಲಿ ಬಾರ್ತ್ ಬಂದಿದ್ದ ಊಟದ ಕೂಟ. ಕಾರ್ಲ್ ಹೆನ್ರಿ ಎದ್ದು ‘ಕ್ರಿಶ್ಚಿಯಾನಿಟಿ ಟುಡೇ’ ಪತ್ರಿಕೆಯ ಸಂಪಾದಕ ಅಂತ ಪರಿಚಯ ಹೇಳಿಕೊಂಡರು. ಅಲ್ಲಿದ್ದ ವರದಿಗಾರರನ್ನು ತೋರಿಸಿ ಕೇಳಿದರು: ಯೇಸು ಸತ್ತು ಎದ್ದಾಗ ಇವರು ಇದ್ದಿದ್ದರೆ, ಅದು ಇವರು ಬರೆಯೋ ಥರದ ಸುದ್ದಿ ಆಗುತ್ತಿತ್ತಾ? ಬಾರ್ತ್‌ಗೆ ರೇಗಿತು. ‘ನೀವು ಕ್ರಿಶ್ಚಿಯಾನಿಟಿ ಟುಡೇನಾ, ಕ್ರಿಶ್ಚಿಯಾನಿಟಿ ಯೆಸ್ಟರ್‌ಡೇನಾ?’ ಎಲ್ಲರೂ ನಕ್ಕರು. ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆ ಯೇಸುವಿನ ಬಗ್ಗೆ ಹೇಳೋ ಮಾತನ್ನೇ ಹೆನ್ರಿ ತಿರುಗಿಸಿ ಕೊಟ್ಟರು: ನಿನ್ನೆ, ಇವತ್ತು, ಎಂದೆಂದಿಗೂ. ಚಪ್ಪಾಳೆ ಯಾರಿಗೆ ಬೇಕಾದರೂ ಕೊಡಿ, ಪ್ರಶ್ನೆ ಮಾತ್ರ ಹೆನ್ರಿಯದ್ದೇ ಗಟ್ಟಿ. ಪುನರುತ್ಥಾನ ನಿಜವಾಗಿ ನಡೆಯಿತು ಅಂತ ಬಾರ್ತ್ ನಂಬಿದ್ದರು. ಅದು ಇತಿಹಾಸಕಾರನ ಕೈಗೆ ಸಿಗುವಂಥದ್ದಲ್ಲ ಅಂತಲೂ ಹೇಳುತ್ತಿದ್ದರು. ಸಾಮಾನ್ಯ ವಿಶ್ವಾಸಿಗೆ ಇದು ಜಾರುವ ಮಾತು, ಅಲ್ವಾ?

ಆಮೇಲೆ ಗಾಳಿ ಸ್ವಲ್ಪ ತಿರುಗಿತು. ಬಾಸೆಲ್‌ಗೆ ಹೋಗಿ ಬಾರ್ತ್ ಹತ್ತಿರ ಕೂತು ಬಂದಿದ್ದ ಅಮೆರಿಕದ ಇವಾಂಜೆಲಿಕಲ್ ಬರ್ನಾರ್ಡ್ ರಾಮ್, 1983ರಲ್ಲಿ, ಆಧುನಿಕ ವಿದ್ಯೆಗೆ ಹೆದರದೆ ವಿಶ್ವಾಸ ಉಳಿಸಿಕೊಳ್ಳೋ ದಾರಿ ಈ ಮನುಷ್ಯನಲ್ಲಿದೆ ಅಂತ ಬರೆದರು.

ಅಷ್ಟರಲ್ಲಿ ಮನೆಯ ವಿಷಯ ಬೀದಿಗೆ ಬಂತು. ಸಹಾಯಕಿ ಷಾರ್ಲೋಟ್ ಫಾನ್ ಕಿರ್ಷ್‌ಬಾಮ್ 1929ರಿಂದ ಬಾರ್ತ್ ಮನೆಯಲ್ಲೇ ಇದ್ದರು. ಹೆಂಡತಿ ನೆಲ್ಲಿ, ಐದು ಮಕ್ಕಳು, ಅದೇ ಸೂರು. ಬಾರ್ತ್ ಮತ್ತು ಷಾರ್ಲೋಟ್ ಬರೆದುಕೊಂಡ ಪ್ರೇಮಪತ್ರಗಳು ಅಚ್ಚಾದವು. 2017ರಲ್ಲಿ ದೇವತಾಶಾಸ್ತ್ರಜ್ಞೆ ಕ್ರಿಸ್ಟಿಯಾನೆ ಟೀಟ್ಸ್ ಅದರ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಮೇಲೆ ಇವಾಂಜೆಲಿಕಲರಲ್ಲಿ ಹೊಸ ಜಗಳ ಶುರು. ಇನ್ನು ಬಾರ್ತ್‌ರನ್ನು ಓದೋದು ಹೇಗೆ? ಕೆಲವರು ಕಪಾಟಿನಿಂದ ಇಳಿಸಿದರು. ಕೆಲವರು ಪರರ ಹೆಂಡತಿಯ ಜೊತೆ ತಪ್ಪು ಮಾಡಿದ ಬೈಬಲಿನ ರಾಜ ದಾವೀದನನ್ನು ನೆನಪಿಸಿದರು. ನನಗೆ ದಾವೀದನ ಹೋಲಿಕೆ ಅಷ್ಟು ಹಿಡಿಸಲಿಲ್ಲ. ದಾವೀದ ತಪ್ಪು ಒಪ್ಪಿಕೊಂಡು ಪಶ್ಚಾತ್ತಾಪಪಟ್ಟ. ಇಲ್ಲಿ ಅದು ದಶಕಗಳ ಕಾಲ ನಡೆಯಿತು, ನೆಲ್ಲಿ ನೋಡುತ್ತಾ ಬದುಕಿದರು.

ಆದರೆ ವಿಚಿತ್ರ ನೋಡಿ. ತೋರುವ ಬೆರಳಲ್ಲಿ ತಪ್ಪಿದ್ದರೂ ತೋರಿಸಿದ್ದು ಸುಳ್ಳಾಗದು ಅಂದವರು ಬಾರ್ತ್. ಅದನ್ನು ಒಪ್ಪದವರು ಇವಾಂಜೆಲಿಕಲರು. ಈಗ ಬಾರ್ತ್ ಪುಸ್ತಕ ಇಟ್ಟುಕೊಂಡ ಇವಾಂಜೆಲಿಕಲರು ಬಾರ್ತ್ ವಾದವನ್ನೇ ಬಾರ್ತ್ ಮೇಲೆ ಹೂಡುತ್ತಿದ್ದಾರೆ.

ಬಾರ್ತ್ 1968ರಲ್ಲಿ ತೀರಿಕೊಂಡರು, ಷಾರ್ಲೋಟ್ 1975ರಲ್ಲಿ, ನೆಲ್ಲಿ ಮರುವರ್ಷ. ಬಾಸೆಲ್‌ನ ಹೋರ್ನ್ಲಿ ಸ್ಮಶಾನದಲ್ಲಿ ಮೂವರಿಗೂ ಒಂದೇ ಸಮಾಧಿ.